ಹಳೆ ಹಾಸಿಗೆಗೂ ಒಂದು ಗಾಡಿ ಬರಲಿ

ಮಾನ್ಯರೇ,

ಕುಶಾಲನಗರದಿಂದ ಮಡಿಕೇರಿಗೆ ಬರುವಾಗ ಆನೆಕಾಡು ದಾಟುತ್ತೇವೆ. ಹೋದ ವಾರ ಅಲ್ಲಿ ರಸ್ತೆ ಪಕ್ಕ ಮೂರು ಹಾಸಿಗೆ, ಮುರಿದ ಸೋಫಾ, ಒಂದು ಕಮೋಡ್ ಬಿದ್ದಿದ್ದವು. ನೋಡಿ ಹೊಟ್ಟೆ ಉರಿಯಿತು. ಆನೆ ಓಡಾಡುವ ಜಾಗ ಅಲ್ವಾ ಅದು!

ಎಸೆದವರದು ತಪ್ಪೇ. ರಸ್ತೆಗೆ, ಚರಂಡಿಗೆ, ನೀರಿಗೆ ಕಸ ಎಸೆಯಬಾರದು ಎಂದು 2016ರ ಘನತ್ಯಾಜ್ಯ ನಿಯಮವೇ ಹೇಳಿತ್ತು. ಆದರೆ ಹಾಸಿಗೆಯನ್ನು ಎಲ್ಲಿಗೆ ಕೊಡಬೇಕು? ನಮ್ಮ ಬೀದಿಗೆ ಬರುವ ಕಸದ ಆಟೋದವರು ಅದನ್ನು ಮುಟ್ಟುವುದಿಲ್ಲ. ಗುಜರಿಯವರಿಗೆ ಕಬ್ಬಿಣ ಬೇಕು, ಹತ್ತಿ, ಫೋಮ್ ಬೇಡ. ಹೋಮ್‌ಸ್ಟೇಗಳು ಜಾಸ್ತಿಯಾದ ಮೇಲೆ ಇಂಥ ಸಾಮಾನೂ ಜಾಸ್ತಿಯಾಗಿದೆ ಎಂದು ನನಗನ್ನಿಸುತ್ತದೆ. ಕೊನೆಗೆ ರಾತ್ರಿ ಪಿಕಪ್‌ನಲ್ಲಿ ತಂದು ಕಾಡಿನ ಅಂಚಿಗೆ ಸುರಿಯುತ್ತಾರೆ. ಮಳೆ ಶುರುವಾದರೆ ಅದೆಲ್ಲ ತೋಡು ಸೇರಿ ಕಾವೇರಿಗೆ ಹೋಗುತ್ತದೆ. ಹಳೆ ಟಯರ್‌ನಲ್ಲಿ ನಿಂತ ನೀರು ಸಾಕು, ಡೆಂಗಿ ಸೊಳ್ಳೆ ಹುಟ್ಟುತ್ತದೆ.

ಜಪಾನಿನಲ್ಲಿ ದೊಡ್ಡ ಸಾಮಾನು ಬಿಸಾಡಬೇಕೆಂದರೆ ಮೊದಲೇ ಫೋನ್ ಮಾಡಿ ದಿನ ಗೊತ್ತು ಮಾಡಿಕೊಳ್ಳುತ್ತಾರೆ. ಅಂಗಡಿಯಲ್ಲಿ ಶುಲ್ಕದ ಚೀಟಿ ಕೊಂಡು ಅಂಟಿಸಿ ಹೊರಗಿಟ್ಟರೆ ಗಾಡಿ ಬಂದು ಒಯ್ಯುತ್ತದೆ. ನಮಗೆ ಅಷ್ಟೆಲ್ಲ ಬೇಡ. ಮಡಿಕೇರಿ, ಕುಶಾಲನಗರ, ವಿರಾಜಪೇಟೆಯಲ್ಲಿ ತಿಂಗಳಿಗೊಂದು ಭಾನುವಾರ ಟ್ರ್ಯಾಕ್ಟರ್ ಬಂದರೆ ಸಾಕು. ಮನೆಯವರಿಗೆ ಸಣ್ಣ ಶುಲ್ಕ, ಹೋಮ್‌ಸ್ಟೇಗೆ ಸ್ವಲ್ಪ ಹೆಚ್ಚು ಇರಲಿ. ತೋಟದ ಕಾರ್ಮಿಕರಿರುವ ಲೈನ್ ಮನೆಯವರಿಗೆ ಉಚಿತವಾಗಿಯೇ ಮಾಡಬೇಕು. ಅದಾದ ಮೇಲೂ ಕಾಡಿಗೆ ಸುರಿದವರಿಗೆ ದಂಡ ಹಾಕಿ, ಯಾರೂ ಬೇಡ ಅನ್ನುವುದಿಲ್ಲ.

ಈ ಮಳೆಗಾಲಕ್ಕೆ ಮುಂಚೆ ಒಂದು ಭಾನುವಾರವಾದರೂ ಗಾಡಿ ಕಳಿಸಿ ನೋಡಿ ಎಂದು ನಗರಾಡಳಿತಗಳನ್ನು ಕೇಳಿಕೊಳ್ಳುತ್ತೇನೆ.

– ಒಬ್ಬ ಓದುಗ, ಸುಂಟಿಕೊಪ್ಪ