ಸಪೂರ ಮೈ, ದಪ್ಪ ಕಾಲು: ಲಿಪೆಡೀಮಾ ಇರಬಹುದು

ಅಕ್ಕ-ತಂಗಿಯರೇ, ಸೊಂಟದ ಮೇಲೆ ಸಪೂರ, ತೊಡೆ-ಮೀನಖಂಡ ಎರಡೂ ಕಡೆ ಒಂದೇ ಸಮ ದಪ್ಪ, ಒತ್ತಿದರೆ ನೋವು, ಚೂರು ತಾಗಿದರೂ ನೀಲಿಗಟ್ಟುವುದು ಇದ್ದರೆ ಲಿಪೆಡೀಮಾ, ಅಂದರೆ ಚರ್ಮದಡಿ ಕೊಬ್ಬು ಅತಿಯಾಗಿ ತುಂಬುವ ಕಾಯಿಲೆ, ಸಂಶಯಿಸಿ. ಕಾಲ್ಗೆಜ್ಜೆ ಕೂರುವ ಜಾಗ ನೋಡಿ: ದಪ್ಪ ಅಲ್ಲಿಗೆ ಬಳೆ ತೊಡಿಸಿದ ಹಾಗೆ ನಿಂತಿರುತ್ತದೆ, ಪಾದ ತೆಳ್ಳಗೇ. ನಮ್ಮ ಕಾಸರಗೋಡಿನ ಕಡೆ ಇದನ್ನು ಆನೆಕಾಲು ಎಂದುಕೊಳ್ಳಬೇಡಿ. ಅದರಲ್ಲಿ ಸಾಮಾನ್ಯವಾಗಿ ಪಾದವೂ ಊದುತ್ತದೆ, ಕಾಲ್ಬೆರಳ ಬುಡದ ಚರ್ಮ ಚಿವುಟಿ ಎತ್ತಲು ಬರುವುದಿಲ್ಲ.

ದಯವಿಟ್ಟು ಊಟ ಬಿಡಬೇಡಿ. ಮುಖ ಸೊರಗುತ್ತದೆ, ಕಾಲು ಹಾಗೇ ಉಳಿಯುತ್ತದೆ. ಮೂತ್ರ ಹೆಚ್ಚಿಸುವ ಮಾತ್ರೆಯೂ ಈ ಕೊಬ್ಬು ಕರಗಿಸದು. ಡಾಕ್ಟರರಿಗೆ ತೋರಿಸಿ, ಅಳತೆ ಕೊಟ್ಟು ಮಾಡಿಸಿದ ಕಂಪ್ರೆಷನ್ ಸ್ಟಾಕಿಂಗ್ಸ್ (ಕಾಲನ್ನು ಬಿಗಿಯಾಗಿ ಒತ್ತಿ ಹಿಡಿಯುವ ಉದ್ದ ಕಾಲುಚೀಲ) ಬೆಳಿಗ್ಗೆಯೇ ಹಾಕಿ. ಈಜು, ನಡಿಗೆ ಒಳ್ಳೆಯದು. ನೋವು ತಗ್ಗದಿದ್ದರೆ ಲಿಪೊಸಕ್ಷನ್, ಅಂದರೆ ಕೊಬ್ಬು ಹೀರಿ ತೆಗೆಯುವ ಶಸ್ತ್ರಚಿಕಿತ್ಸೆ, ಇದೆ.

ಒಂದೇ ಕಾಲು ದಿಢೀರನೆ ಊದಿದರೆ ಅದು ಬೇರೆ, ರಕ್ತ ಹೆಪ್ಪುಗಟ್ಟಿರಬಹುದು. ತಕ್ಷಣ ಆಸ್ಪತ್ರೆಗೆ ಹೋಗಿ.