ನಾರ್ವೆಯ ಟ್ರೊಮ್ಸೊದಿಂದ ಗಂಗಾವತಿಗೆ

ಅಪ್ಪಾ,

ಫೋಟೋ ನೋಡಿ ಅವ್ವ "ದೋಣಿ ತೊಳಿಯಾಕ ಓದಿಸಿದ್ವೇನು" ಅಂದಳಂತೆ, ಅಕ್ಕ ಹೇಳಿದಳು. ದೋಣಿ ರಿಪೇರಿಯಲ್ಲಿ ತೊಳೆಯುವುದೂ ಇದೆ, ಸುಳ್ಳು ಯಾಕೆ ಹೇಳಲಿ. ಆದರೆ ಅದೇ ಸುಲಭದ ಕೆಲಸ.

ಈ ಹಾಯಿದೋಣಿ ಇಲ್ಲಿನ ಒಬ್ಬ ವಯಸ್ಸಾದ ಗಂಡ ಹೆಂಡತಿಯದು. ಉತ್ತರ ಧ್ರುವದ ಕಡೆಯ ಸ್ವಾಲ್ಬಾರ್ಡ್ ದ್ವೀಪಗಳು, ಗ್ರೀನ್‌ಲ್ಯಾಂಡ್ ಅಂತ ವರ್ಷಗಟ್ಟಲೆ ತಿರುಗಿದವರು. ಊರು, ಅಂಗಡಿ ಏನೂ ಇಲ್ಲದ ಕಡೆ, ಏನು ಮುರಿದರೂ ಹಗ್ಗ ಸುತ್ತಿ, ಟೇಪು ಹಚ್ಚಿ ಮುಂದೆ ಹೋಗಿದ್ದಾರೆ. ಈಗ ಅದನ್ನೆಲ್ಲ ಬಿಚ್ಚುವ ಪಾಳಿ ನಂದು.

ದೋಣಿಯ ಮೈ ಫೈಬರಿನದು. ಟ್ರೊಮ್ಸೊದಲ್ಲೇ ಮೇ 20ರ ಸುಮಾರಿನಿಂದ ಎರಡು ತಿಂಗಳು ಸೂರ್ಯ ಮುಳುಗುವುದಿಲ್ಲ, ಸ್ವಾಲ್ಬಾರ್ಡಿನಲ್ಲಿ ಇನ್ನೂ ಜಾಸ್ತಿ ದಿನ. ಆ ಬಿಸಿಲಿಗೆ ಹೊಳಪು ಸತ್ತು, ಕೈ ಸವರಿದರೆ ಸುಣ್ಣದ ಗೋಡೆ ಮುಟ್ಟಿದ ಹಾಗೆ ಬಿಳಿ ಪುಡಿ ಹತ್ತುತ್ತದೆ. ಒಳಗೆ ಬೇರೆ ಕಥೆ. ಹೊರಗೆ ಕೊರೆಯುವ ಚಳಿ, ಒಳಗೆ ಅಡುಗೆಯ ಹಬೆ, ಉಸಿರು, ಎಲ್ಲ ನೀರಾಗಿ ಗೋಡೆಗೆ ಕೂತು ಹಾಸಿಗೆ ಹಿಂದೆ ಕಪ್ಪು ಬೂಸ್ಟು. ಅಡಿಯಲ್ಲಿ ಸತುವಿನ ತುಂಡುಗಳಿರುತ್ತವೆ, ಉಪ್ಪುನೀರು ಪ್ರೊಪೆಲರ್ ಬಿಟ್ಟು ಅವನ್ನು ತಿನ್ನಲಿ ಅಂತ. ತಿಂದು ಮುಗಿಸಿದೆ.

ಮಾಲೀಕರಿಗೆ ಮೊದಲು ಪಾಲಿಶ್ ಆಗಬೇಕು. ನನಗೆ ಮೊದಲು ವೈರು. ಹಾಯಿಯ ಕಂಬವನ್ನು ನಾಲ್ಕೂ ಕಡೆಯಿಂದ ಎಳೆದು ಹಿಡಿದಿರುವ ಸ್ಟೇನ್‌ಲೆಸ್ ಸ್ಟೀಲ್ ವೈರು. ಸ್ಟೇನ್‌ಲೆಸ್ ಅಂದರೆ ತುಕ್ಕೇ ಹಿಡಿಯಲ್ಲ ಅಂದ್ಕೋತೀವಿ ಅಲ್ವಾ? ಅದಕ್ಕೆ ಗಾಳಿ ಆಡಬೇಕಪ್ಪಾ. ಗಾಳಿ ತಾಗಿದರೇನೇ ಮೇಲೆ ತೆಳು ಪದರ ಕಟ್ಟಿಕೊಂಡು ತುಕ್ಕು ತಡೆಯುತ್ತದೆ. ವೈರಿನ ತುದಿಯನ್ನು ಒಂದು ಕೊಳವೆಯೊಳಗೆ ಒತ್ತಿ ಬಿಗಿದಿರುತ್ತಾರೆ, ಅದರೊಳಗೆ ಉಪ್ಪುನೀರು ಇಳಿದು ನಿಂತರೆ ಗಾಳಿಯಿಲ್ಲದೆ ಒಳಗೊಳಗೇ ಕೊರೆಯುತ್ತದೆ, ಮೇಲೆ ಮಾತ್ರ ಫಳಫಳ. ಹತ್ತಿಯ ಉಂಡೆ ಹಿಡಿದು ಕೊಳವೆಯ ಬಾಯಿ ಸುತ್ತ ಸವರುತ್ತಾ ಬಂದೆ. ಒಂದು ಕಡೆ ಹತ್ತಿಯ ಎಳೆ ಸಿಕ್ಕಿಕೊಂಡಿತು. ಬ್ಯಾಟರಿ ಬಿಟ್ಟು ನೋಡಿದರೆ ಒಂದು ತಂತಿ ತುಂಡಾಗಿ ಉಗುರಿನಷ್ಟು ಹೊರಗೆ ಚಾಚಿದೆ, ಬುಡದಲ್ಲಿ ಕಂದು ಕಲೆ. ಇದನ್ನು ನಂಬಿ ಗ್ರೀನ್‌ಲ್ಯಾಂಡಿನಿಂದ ಬಂದಿದ್ದಾರೆ ಪುಣ್ಯಾತ್ಮರು!

2024ರ ಆಗಸ್ಟಿನಲ್ಲಿ ನಮ್ಮ ತುಂಗಭದ್ರಾ ಡ್ಯಾಮಿನ 19ನೇ ಗೇಟಿನ ಚೈನ್ ಹರಿದಾಗ ನೀವು ರಾತ್ರಿಯೆಲ್ಲ ನಿದ್ದೆ ಮಾಡಿರಲಿಲ್ಲ. ಮಾಲೀಕರಿಗೆ ಅದನ್ನೇ ಹೇಳಿದೆ. 33 ಗೇಟಿನಲ್ಲಿ ಹೋಗಿದ್ದು ಒಂದೇ, ಆದರೂ ಒಂದು ವಾರ ನೀರು ಸುಮ್ನೆ ಹೊಳೆಗೆ ಹರೀತು ಅಂತ. (ಈ ವೈರಿನಲ್ಲೂ 19 ತಂತಿ ನೋಡಿ!) ಅಜ್ಜಿ ತಕ್ಷಣ ಒಪ್ಪಿದರು, ಅಜ್ಜ ಸ್ವಲ್ಪ ಗೊಣಗಿದರು, ಖರ್ಚು ಜಾಸ್ತಿ ನೋಡಿ. ಎಲ್ಲ ವೈರೂ ಹೊಸದು, ಪಾಲಿಶ್ ಆಮೇಲೆ.

ವೈರು ಬರುವವರೆಗೆ ಹಗ್ಗ ಎಳೆಯುವ ವಿಂಚುಗಳನ್ನು ಬಿಚ್ಚಿ ಸೀಮೆಎಣ್ಣೆಯಲ್ಲಿ ತೊಳೆಯುತ್ತಿದ್ದೇನೆ. ಯಾರೋ ಎಲ್ಲದಕ್ಕೂ ಗ್ರೀಸ್ ಮೆತ್ತಿದ್ದಾರೆ. ಹಲ್ಲಿನ ಚಕ್ರಕ್ಕೆ ಸರಿ, ಹಿಂದಕ್ಕೆ ತಿರುಗದಂತೆ ತಡೆಯುವ ಸಣ್ಣ ನಾಲಿಗೆಗೆ ಗ್ರೀಸ್ ಹಾಕಿದರೆ ಚಳಿಗೆ ಗಟ್ಟಿಯಾಗಿ ಅಂಟಿಕೊಳ್ಳುತ್ತದೆ. ಅದಕ್ಕೆ ಬರೀ ಎಣ್ಣೆ ಸಾಕು.

ದೀಪಾವಳಿಗೆ ಬರುವುದು ಕಷ್ಟ, ಅವ್ವನಿಗೆ ನೀವೇ ಹೇಳಿ. ಎಡದಂಡೆ ಕಾಲುವೆಗೆ ನೀರು ಬಿಟ್ಟರಾ? ಎರಡನೇ ಬೆಳೆಗೆ ಭತ್ತವೋ ಬೇರೆಯೋ, ಬರೆಯಿರಿ.

ನಿಮ್ಮ ಮಗ