ಕರುಳಿನ ಆನುವಂಶಿಕ ಕಾಯಿಲೆ: ಮೊದಲು ಮನೆತನಗಳ ದಾಖಲೆಯಾಗಲಿ

ಮಾನ್ಯ ಸಂಪಾದಕರೇ,

ದೊಡ್ಡ ಕರುಳಿನಲ್ಲಿ ನೂರಾರು, ಕೆಲವೊಮ್ಮೆ ಸಾವಿರಾರು ಸಣ್ಣ ಗಂಟುಗಳು, ಅಂದರೆ ಪಾಲಿಪ್‌ಗಳೆದ್ದು, ಹಾಗೆಯೇ ಬಿಟ್ಟರೆ ನಲವತ್ತರ ಆಸುಪಾಸಿನಲ್ಲಿ ಬಹುತೇಕ ಖಚಿತವಾಗಿ ಕ್ಯಾನ್ಸರ್‌ಗೆ ತಿರುಗುವ ಎಫ್‌ಎಪಿ ಎಂಬ ಕಾಯಿಲೆ ನಮ್ಮ ಮನೆತನದಲ್ಲಿದೆ. ಅಜ್ಜ, ದೊಡ್ಡಪ್ಪ ಇಬ್ಬರೂ ಮೂಲವ್ಯಾಧಿಯಿಂದ ತೀರಿಕೊಂಡರೆಂದೇ ಮನೆಯವರ ನಂಬಿಕೆ. ತಮ್ಮನಿಗೆ ರಕ್ತ ಹೋಗತೊಡಗಿದಾಗಲೂ ಎರಡು ವರ್ಷ ಅದಕ್ಕೇ ಮದ್ದು ನಡೆಯಿತು. ಎಪಿಸಿ ಎಂಬ ಜೀನಿನ ದೋಷವೇ ಇದಕ್ಕೆ ಕಾರಣವೆಂಬುದು 1991ರಲ್ಲೇ ಪತ್ತೆಯಾಗಿದೆ. ತಂದೆ ಅಥವಾ ತಾಯಿಯಲ್ಲಿ ಈ ದೋಷವಿದ್ದರೆ ಪ್ರತಿ ಮಗುವಿಗೂ ಅದು ಬರುವ ಸಾಧ್ಯತೆ ಅರ್ಧಕ್ಕರ್ಧ.

ಈಗಿರುವ ಮುಖ್ಯ ದಾರಿ ದೊಡ್ಡ ಕರುಳನ್ನೇ ತೆಗೆಸುವುದು. ಸುಲಿಂಡ್ಯಾಕ್ ಮಾತ್ರೆ ಪಾಲಿಪ್‌ಗಳನ್ನು ತಗ್ಗಿಸುತ್ತದೆಂದು 1993ರಲ್ಲಿ ಕಂಡುಬಂದರೂ ಅದು ಶಸ್ತ್ರಚಿಕಿತ್ಸೆಗೆ ಬದಲಿಯಾಗಲಿಲ್ಲ. ಇನ್ನೊಂದು ಮಾತ್ರೆ ಸೆಲೆಕಾಕ್ಸಿಬ್‌ಗೆ 1999ರಲ್ಲಿ ಅಮೆರಿಕದಲ್ಲಿ ಈ ಕಾಯಿಲೆಗೆಂದು ಸಿಕ್ಕಿದ್ದ ಅನುಮೋದನೆಯನ್ನು 2011ರಲ್ಲಿ ಕಂಪನಿಯೇ ಹಿಂಪಡೆಯಿತು. ಪ್ರಯೋಜನವನ್ನು ದೃಢಪಡಿಸಬೇಕಿದ್ದ ಪ್ರಯೋಗಕ್ಕೆ ಸಾಕಷ್ಟು ರೋಗಿಗಳು ಸೇರದೆ ಅದು ಮುಗಿಯಲೇ ಇಲ್ಲ. ಇದರಂತೆಯೇ ವಂಶದಲ್ಲಿ ಹರಿದು ಕರುಳಿನ ಕ್ಯಾನ್ಸರ್ ತರುವ ಇನ್ನೊಂದು ಕಾಯಿಲೆಯಾದ ಲಿಂಚ್ ಸಿಂಡ್ರೋಮ್‌ನಲ್ಲಿ ಮಾತ್ರ, 861 ಮಂದಿ ಸೇರಿದ್ದ ಪ್ರಯೋಗದಿಂದಾಗಿ, ದಿನಕ್ಕೆ 600 ಮಿಲಿಗ್ರಾಂ ಆಸ್ಪಿರಿನ್ ವರ್ಷಗಳ ನಂತರ ಕರುಳಿನ ಕ್ಯಾನ್ಸರನ್ನು ಕಡಿಮೆ ಮಾಡುತ್ತದೆಂದು ಗೊತ್ತಾಯಿತು. ಹೊಟ್ಟೆಯಲ್ಲಿ ರಕ್ತಸ್ರಾವ ತರಬಲ್ಲ ಈ ಮಾತ್ರೆಯನ್ನು ಯಾರೂ ತಾವಾಗಿಯೇ ನುಂಗಬಾರದು.

ನಮ್ಮಲ್ಲಿ ಇಂಥ ಮನೆತನಗಳೆಷ್ಟಿವೆ ಎಂದು ಹೇಳುವ ಪಟ್ಟಿಯೊಂದು ನನ್ನ ಕಣ್ಣಿಗೆ ಬಿದ್ದಿಲ್ಲ. ಮಂಗನ ಕಾಯಿಲೆಯ ದೆಸೆಯಿಂದ, ಕಾಡಿನಲ್ಲಿ ಮಂಗ ಸತ್ತುಬಿದ್ದರೆ ಆರೋಗ್ಯ ಇಲಾಖೆಗೆ ತಿಳಿಸಿ ದಾಖಲು ಮಾಡಿಸುವ ರೂಢಿ ಈ ಜಿಲ್ಲೆಯಲ್ಲಿದೆ. ನಮ್ಮ ದೊಡ್ಡಪ್ಪನ ಸಾವಿಗೆ ಅಷ್ಟೂ ಲೆಕ್ಕ ಸಿಗಲಿಲ್ಲ. ಗಂಡು-ಹೆಣ್ಣಿನ ಸಂಬಂಧ ಕೂಡಿಬರಲಿಕ್ಕಿಲ್ಲವೆಂಬ ಅಂಜಿಕೆಯಿಂದ ಮನೆಯವರೂ ಬಾಯಿ ಬಿಡುವುದಿಲ್ಲ. ಆದ್ದರಿಂದ ಜಿಲ್ಲಾ ಮಟ್ಟದಲ್ಲಿ, ಹೆಸರು ಗುಟ್ಟಾಗಿಟ್ಟು, ಒಪ್ಪಿಗೆ ಪಡೆದು ಇಂಥ ಕುಟುಂಬಗಳ ದಾಖಲೆ ಮಾಡಬೇಕು. ಹೊಸ ಔಷಧಿಯ ಪ್ರಯೋಗ ಎಲ್ಲೇ ನಡೆದರೂ ಕರೆಯುವುದಕ್ಕಾದರೂ ನಾವು ಸಿಗಬೇಕಲ್ಲ.

ಅಲ್ಲಿಯವರೆಗೆ ಮಕ್ಕಳ ಜೀನ್ ಪರೀಕ್ಷೆಯನ್ನಾದರೂ ಸರ್ಕಾರಿ ಆಸ್ಪತ್ರೆಯ ಮೂಲಕ ಮಾಡಿಸಿಕೊಡಬೇಕು. ಕರುಳಿನೊಳಗೆ ಕ್ಯಾಮೆರಾ ನಳಿಕೆ ಬಿಟ್ಟು ನೋಡುವ ಕೊಲೊನೊಸ್ಕೋಪಿಯ ಹಿಂದಿನ ರಾತ್ರಿ ಭೇದಿಯ ಪುಡಿ ಕದಡಿದ ನೀರನ್ನು ಲೀಟರುಗಟ್ಟಲೆ ಕುಡಿದವರು ಬೆಳಗಿನ ಬಸ್ಸು ಹತ್ತಿ ಆಗುಂಬೆ ಘಾಟಿ ಇಳಿಯಲಾರರು. ಮಣಿಪಾಲದಲ್ಲಿ ರೂಮು ಮಾಡಲೇಬೇಕು. ತಮ್ಮನ ಮಗಳಿಗೆ ಈಗ ಹನ್ನೊಂದು, ಈ ತಪಾಸಣೆ ಶುರುವಾಗುವ ವಯಸ್ಸು. ಅಪ್ಪನ ದೋಷ ಅವಳಲ್ಲಿಲ್ಲವೆಂದು ಒಂದು ರಕ್ತಪರೀಕ್ಷೆಯಲ್ಲಿ ತಿಳಿದರೆ, ಮತ್ತೆ ಮತ್ತೆ ಅದಕ್ಕೆ ಒಳಗಾಗುವುದು ಅವಳಿಗೆ ತಪ್ಪುತ್ತದೆ.

– ಓದುಗರೊಬ್ಬರು, ತೀರ್ಥಹಳ್ಳಿ ತಾಲ್ಲೂಕು